ಕೋಲಾರದ ಕೆರೆ ಕೋಡಿಯಲ್ಲಿ ಹಳೆಯ ಖಂಡದ ಅಂಚನ್ನು ಓದುವ ಬಗೆ

ಕೋಲಾರ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ದೊಡ್ಡ ಪರ್ವತಶ್ರೇಣಿಯಿತ್ತು ಎಂದು ತರಗತಿಯಲ್ಲಿ ಹೇಳಿದ ಕೂಡಲೇ ಮಕ್ಕಳೆಲ್ಲ ಕಿಟಕಿಯಾಚೆ ಕಾಣುವ ಅಂತರಗಂಗೆ ಬೆಟ್ಟದ ಕಡೆಗೆ ತಿರುಗುತ್ತಾರೆ. ನಾನೂ ಮೊದಮೊದಲು ಹಾಗೆಯೇ ತಿರುಗಿದವನು. ಆದರೆ ಅಂತರಗಂಗೆಯಾಗಲಿ, ನಂದಿಬೆಟ್ಟವಾಗಲಿ, ಮಧುಗಿರಿಯ ಏಕಶಿಲೆಯಾಗಲಿ ಆ ಹಳೆಯ ಪರ್ವತಗಳ ಶಿಖರಗಳಲ್ಲ. ಸುತ್ತಲಿನ ನೆಲ ಸವೆದು ತಗ್ಗಾದಾಗ ಬಿರುಕು ಕಡಿಮೆಯಿದ್ದ ಗಟ್ಟಿ ಕಲ್ಲು ಸವೆಯದೆ ಉಳಿದುಕೊಂಡದ್ದರಿಂದ ಅವು ಎದ್ದು ಕಾಣುತ್ತವೆ, ಅಷ್ಟೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ಎದ್ದಿದ್ದ ಪರ್ವತಗಳ ಬುಡ ನಾವು ರಾಗಿ ಬಿತ್ತುವ ಹೊಲದ ಅಡಿಯಲ್ಲಿ, ಕೆರೆಯ ಕೋಡಿಯಲ್ಲಿ, ರೈಲುದಾರಿಗಾಗಿ ಕಡಿದ ದಿಣ್ಣೆಯ ಮಗ್ಗುಲಲ್ಲಿ ಇದೆ. ಅದನ್ನು ಗುರುತಿಸಿ ಓದುವ ಕ್ರಮವನ್ನು, ಪ್ರೌಢಶಾಲೆಯ ವಿಜ್ಞಾನ ತಿಳಿದ ಯಾರಿಗಾದರೂ ಸಾಧ್ಯವಾಗುವ ಮಟ್ಟಿಗೆ, ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಏನನ್ನು ಹುಡುಕುತ್ತಿದ್ದೇವೆ ಎಂಬುದು ತಲೆಯಲ್ಲಿರಬೇಕು. ಸಾಗರದ ತಳವೆಲ್ಲ ಬಸಾಲ್ಟ್ ಎಂಬ ಕಪ್ಪು ಕಲ್ಲು. ಅದು ಹುಟ್ಟಿದ ಜಾಗದಿಂದ ದೂರ ಸರಿಯುತ್ತ ತಣ್ಣಗಾಗಿ, ಭಾರವಾಗಿ, ಕೊನೆಗೆ ಖಂಡವೊಂದರ ಅಂಚಿನಲ್ಲಿ ಅದರ ಅಡಿಗೆ ಜಾರಿ ಇಳಿಯುತ್ತದೆ. ಹೀಗೆ ಇಳಿಯುವ ಕಲ್ಲಿನ ಖನಿಜಗಳು ತಮ್ಮೊಳಗೆ ಹಿಡಿದಿಟ್ಟುಕೊಂಡಿರುವ ನೀರು ಆಳದ ಬಿಸಿಗೂ ಒತ್ತಡಕ್ಕೂ ಹಿಂಡಿದಂತೆ ಹೊರಬಂದು, ಮೇಲಿರುವ ಮ್ಯಾಂಟಲ್ (ಭೂತೊಗಟೆಯ ಕೆಳಗಿನ ದಪ್ಪ ಪದರ) ಕಲ್ಲನ್ನು ಸೇರುತ್ತದೆ. ನೀರು ಸೇರಿದ ಕಲ್ಲು ಒಣ ಕಲ್ಲಿಗಿಂತ ಕಡಿಮೆ ಉಷ್ಣತೆಯಲ್ಲಿಯೇ ಕರಗುವುದರಿಂದ, ಸುಮಾರು 100 ಕಿ.ಮೀ. ಆಳದಲ್ಲಿ ಶಿಲಾಪಾಕ ಹುಟ್ಟಿ ಮೇಲಕ್ಕೆ ಏರತೊಡಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ಜ್ವಾಲಾಮುಖಿಯಾಗಿ ಹೊರಬೀಳುತ್ತದೆ, ಬಹುಪಾಲು ನೆಲದೊಳಗೇ ನಿಧಾನವಾಗಿ ಆರಿ ಗ್ರಾನೈಟ್ ಜಾತಿಯ ಕಲ್ಲಾಗುತ್ತದೆ. ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನ ಆಂಡೀಸ್ ಪರ್ವತಗಳಲ್ಲಿ ಈ ಕೆಲಸ ಇಂದಿಗೂ ನಡೆದಿದೆ. ಸಾಗರ ಪೂರ್ತಿ ಮುಗಿದುಹೋದರೆ ಎರಡು ಖಂಡಗಳು ಒಂದಕ್ಕೊಂದು ತಾಗಿ, ನಡುವೆ ಸಿಕ್ಕಿಕೊಂಡ ಸಾಗರತಳದ ತುಣುಕುಗಳು ಇಕ್ಕಳದಲ್ಲಿ ಸಿಕ್ಕಂತೆ ನಜ್ಜಾಗಿ, ಕಡಿದಾಗಿ ನಿಲ್ಲುತ್ತವೆ. ಲಡಾಖಿನಲ್ಲಿ ಇವೆರಡೂ ಅಕ್ಕಪಕ್ಕದಲ್ಲಿ ಸಿಗುತ್ತವೆ: ಟೆಥಿಸ್ ಸಾಗರ ಏಷ್ಯಾದಡಿಗೆ ಇಳಿಯುತ್ತಿದ್ದಾಗ ಹುಟ್ಟಿದ ಗ್ರಾನೈಟಿನ ಬೆಟ್ಟಸಾಲು ಒಂದು ಕಡೆ, ಸಾಗರ ಮುಚ್ಚಿಕೊಂಡ ಸಿಂಧೂ ಬೆಸುಗೆಯ ಗೆರೆ ಇನ್ನೊಂದು ಕಡೆ. ಅಂಥ ಲಡಾಖನ್ನು ಹಲವು ಕಿಲೋಮೀಟರ್ ಆಳದವರೆಗೆ ಹೆರೆದು ತೆಗೆದರೆ ಉಳಿಯುವ ನೆಲ ಹೇಗಿರಬಹುದು ಎಂದು ಊಹಿಸಿಕೊಳ್ಳಿ. ಕೋಲಾರದಲ್ಲಿ ನಾವು ಓದಲು ಹೊರಟಿರುವುದು ಅಂಥ ನೆಲವನ್ನು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಅಷ್ಟು ಹಿಂದಿನ ಭೂಮಿಯ ಒಡಲು ಇಂದಿಗಿಂತ ಹೆಚ್ಚು ಬಿಸಿಯಿತ್ತು. ಆಗಲೂ ಭೂಫಲಕಗಳು ಇಂದಿನಂತೆಯೇ ಸರಿದು ಇಳಿಯುತ್ತಿದ್ದವೇ ಎಂಬುದರಲ್ಲಿ ಭೂವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆಳದಿಂದ ಎದ್ದ ಬಿಸಿ ಕಂಬವೊಂದು ಕೆಳಗಿನಿಂದ ಕಾಯಿಸಿದ್ದರಿಂದಲೇ ಇಲ್ಲಿಯ ಗ್ರಾನೈಟ್ ಹುಟ್ಟಿತೆಂದು ವಾದಿಸುವವರಿದ್ದಾರೆ. ಕೋಲಾರದ ಮಟ್ಟಿಗೆ ಖಂಡದ ಅಂಚಿನ ವಿವರಣೆಯೇ ಹೆಚ್ಚು ಸಾಕ್ಷಿಗಳನ್ನು ಒಟ್ಟಿಗೆ ಹಿಡಿಯುತ್ತದೆ ಎಂಬುದು ನನ್ನ ಎಣಿಕೆ. ಅದರ ಕಾರಣ ಮುಂದೆ ಬರುತ್ತದೆ.

ಕೈಚೀಲದಲ್ಲಿ ಇರಬೇಕಾದದ್ದು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಪುಟ್ಟ ಭೂತಗನ್ನಡಿ, ದಿಕ್ಸೂಚಿ, ಅಯಸ್ಕಾಂತದ ತುಂಡು, ಕಬ್ಬಿಣದ ಮೊಳೆ, ಚೌಕುಳಿ ಹಾಳೆಯ ನೋಟ್‌ಬುಕ್ಕು, ಪೆನ್ಸಿಲ್ಲು, ಎರಡು ಬಾಟಲಿ ನೀರು. ಒಂದು ಬಾಟಲಿ ಕುಡಿಯಲು, ಇನ್ನೊಂದು ಕಲ್ಲಿಗೆ. ಒಣಗಿದ ಬಂಡೆಯ ಮೇಲೆ ಪಾಚಿಯೂ ದೂಳೂ ಕೂತು ಎಲ್ಲವೂ ಒಂದೇ ಬೂದುಬಣ್ಣವಾಗಿ ಕಾಣುತ್ತದೆ. ಒಂದು ಬೊಗಸೆ ನೀರು ಸುರಿದು ಅಂಗೈಯಿಂದ ಉಜ್ಜಿದರೆ ಅಡಗಿದ್ದ ಪಟ್ಟೆಗಳು ಎದ್ದು ಬರುತ್ತವೆ. ಸುತ್ತಿಗೆ ಬೇಡ ಎಂದೇ ಹೇಳುತ್ತೇನೆ. ಹೊಸಬರ ಕೈಯ ಸುತ್ತಿಗೆಯಿಂದ ಕಲ್ಲಿಗಿಂತ ಕಣ್ಣಿಗೇ ಅಪಾಯ ಹೆಚ್ಚು, ಮೇಲಾಗಿ ಚೆನ್ನಾಗಿ ತೆರೆದುಕೊಂಡ ಬಂಡೆಯನ್ನು ಚಚ್ಚಿ ಹಾಳುಮಾಡಿದರೆ ನಮ್ಮ ಹಿಂದೆ ಬರುವವರಿಗೆ ನೋಡಲು ಏನೂ ಉಳಿಯುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಕ್ಷೆಗಳನ್ನು ‘ಭೂಕೋಶ’ ಜಾಲತಾಣದಲ್ಲಿ ನೋಡಬಹುದು. ನಿಮ್ಮ ತಾಲ್ಲೂಕಿನ ಭಾಗವನ್ನು ಮೊದಲೇ ಮುದ್ರಿಸಿಕೊಂಡು ಹೋಗಿ.

ಎಲ್ಲಿ ನೋಡಬೇಕು

ಬೇರು ಬಿಟ್ಟ ಬಂಡೆಯನ್ನಷ್ಟೇ ನಂಬಬೇಕು, ಅಂದರೆ ನೆಲದೊಳಗಿನ ಬಂಡೆಗೆ ಅಂಟಿಕೊಂಡೇ ಇರುವುದನ್ನು. ನನ್ನ ಮೊದಲ ಸಂಗ್ರಹದ ಅತಿ ಸೊಗಸಾದ ಕಲ್ಲು, ಮೂರು ವರ್ಷ ಮೇಜಿನ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದ್ದು, ರೈಲು ಹಳಿಯ ಪಕ್ಕ ಹೆಕ್ಕಿದ ಜಲ್ಲಿಯಾಗಿತ್ತು. ಅದು ಯಾವ ಜಿಲ್ಲೆಯ ಕ್ವಾರಿಯಿಂದ ಬಂದದ್ದೋ ದೇವರೇ ಬಲ್ಲ. ರಸ್ತೆ ಬದಿಯ ಕಲ್ಲು, ಕಟ್ಟಡದ ಮುಂದೆ ಸುರಿದ ಕಲ್ಲು, ಕೆ.ಜಿ.ಎಫ್‌ನ ಸೈನೈಡ್ ದಿಬ್ಬದ ಮಣ್ಣು, ಇವು ಯಾವುವೂ ಲೆಕ್ಕಕ್ಕಿಲ್ಲ. ಸೈನೈಡ್ ದಿಬ್ಬ ಗಣಿಯಿಂದ ತಂದ ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಅದರ ಮೇಲೆ ಹತ್ತುವುದೂ ಬೇಡ, ಅದರ ದೂಳು ಕುಡಿಯುವುದೂ ಬೇಡ. ಮುಚ್ಚಿದ ಗಣಿಬಾವಿಗಳ ಬಳಿಗೂ ಹೋಗಬೇಡಿ.

ನಮ್ಮ ಸೀಮೆಯಲ್ಲಿ ಕಲ್ಲನ್ನು ಓದಲು ಕೆರೆ ಕೋಡಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಕಟ್ಟೆ ಕಟ್ಟಿದ ಹಿರಿಯರು ಕೋಡಿಯ ನೀರು ಕೊರೆದು ಕಟ್ಟೆ ಹೋಗದಿರಲೆಂದು ಗಟ್ಟಿ ಬಂಡೆ ಸಿಕ್ಕ ಕಡೆಯೇ ಕೋಡಿ ಇಟ್ಟರು. ಆ ಬಂಡೆಯನ್ನು ನೂರಾರು ಮಳೆಗಾಲಗಳ ನೀರು ತೊಳೆದು ಕನ್ನಡಿಯಂತೆ ಇಟ್ಟಿದೆ. ಎರಡನೆಯದು ಹುಣಸೆಹಣ್ಣನ್ನೋ ರಾಗಿಯನ್ನೋ ಒಣಹಾಕುವ ಊರ ಹಾಸುಬಂಡೆ. ಅಲ್ಲಿ ನೋಡುವ ಮುನ್ನ ಊರಿನವರನ್ನು ಒಂದು ಮಾತು ಕೇಳಿ. ಸಾಮಾನ್ಯವಾಗಿ ‘ಚಿನ್ನ ಇದೆಯಾ ಸಾರ್?’ ಎಂಬ ಪ್ರಶ್ನೆಯೊಂದಿಗೆ ಒಪ್ಪಿಗೆ ಸಿಗುತ್ತದೆ.

ಮೂರನೆಯದು ಬೋರ್‌ವೆಲ್ ಲಾರಿ. ಸಾವಿರ ಅಡಿ ದಾಟಿದರೂ ನೀರು ಕಾಣದ ಈ ಜಿಲ್ಲೆಯಲ್ಲಿ ಕೊರೆತದ ಪುಡಿಗೆ ಬರವಿಲ್ಲ. ಒಂದು ಹಿಡಿ ಪುಡಿಯನ್ನು ಸ್ಟೀಲ್ ತಟ್ಟೆಗೆ ಹಾಕಿ, ನೀರು ಬಿಟ್ಟು, ಅಕ್ಕಿ ಗಾಲಿಸಿದಂತೆ ಗಾಲಿಸಿ ಕೆಸರು ಚೆಲ್ಲಿದರೆ ತಳದಲ್ಲಿ ಚೂರುಗಳು ಉಳಿಯುತ್ತವೆ. ಗಾಜಿನಂತಿರುವುದು ಬೆಣಚುಕಲ್ಲು, ಬಿಳಿ ಅಥವಾ ಗುಲಾಬಿ ಬಣ್ಣದ, ಚಪ್ಪಟೆ ಮುಖದ ಚೂರು ಫೆಲ್ಡ್‌ಸ್ಪಾರ್, ಬಿಸಿಲಿಗೆ ಮಿನುಗುತ್ತ ನೀರಿನಲ್ಲಿ ತೇಲಾಡುವ ಹಾಳೆ ಕಾಗೆಬಂಗಾರ, ಕಪ್ಪು ಹಸಿರು ಬಣ್ಣದ ಸೂಜಿಯಂಥದ್ದು ಹಾರ್ನ್‌ಬ್ಲೆಂಡ್. ಇಳಿಸಿದ ರಾಡುಗಳ ಲೆಕ್ಕ ಕೇಳಿ ಆಳವನ್ನು ಬರೆದುಕೊಂಡರೆ, ಮಣ್ಣು ಮುಚ್ಚಿ ಬಂಡೆಯೇ ಕಾಣದ ಕಡೆಯೂ ಅಡಿಯಲ್ಲಿ ಯಾವ ಕಲ್ಲಿದೆ ಎಂಬುದು ಗೊತ್ತಾಗುತ್ತದೆ.

ಪಶ್ಚಿಮದಿಂದ ಪೂರ್ವಕ್ಕೆ

ಇಲ್ಲಿಯ ಕಲ್ಲುಗಳೆಲ್ಲ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಉದ್ದುದ್ದ ಪಟ್ಟಿಗಳಾಗಿ ಹಾಸಿವೆ. ಆದ್ದರಿಂದ ಓದುವವರು ಅಡ್ಡವಾಗಿ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ, ನಡೆಯಬೇಕು. ಪುರುಸೊತ್ತು ಇರುವವರು ತುಮಕೂರು ಜಿಲ್ಲೆಯಿಂದಲೇ ಆರಂಭಿಸಬಹುದು. ದೇವರಾಯನದುರ್ಗ, ಮಧುಗಿರಿ, ಪಾವಗಡಗಳ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಪಟ್ಟಿಗೆ ಸೇರಿದವು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಕಲ್ಲಿಗೆ ಅದೇ ಹೆಸರು ಉಳಿಯಿತು. ಉದ್ದ ಸುಮಾರು 400 ಕಿ.ಮೀ., ವಯಸ್ಸು ಸುಮಾರು 251–252 ಕೋಟಿ ವರ್ಷ. ಶಿಲಾಪಾಕ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಹತ್ತಿರದಲ್ಲಿಲ್ಲ.

ಈ ಗ್ರಾನೈಟಿನ ತೊಳೆದ ಮುಖವೊಂದರ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ಹೆಬ್ಬೆರಳಿನಷ್ಟು ದೊಡ್ಡ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಕಾಣುತ್ತವೆ. ಅವುಗಳ ಉದ್ದನೆಯ ಅಂಚುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ತಿರುಗಿದ್ದರೆ, ಪೂರ್ತಿ ಗಟ್ಟಿಯಾಗುವ ಮೊದಲು ಪಾಕ ಹರಿಯುತ್ತಿತ್ತು, ಇಲ್ಲವೆ ಒತ್ತಡಕ್ಕೆ ಸಿಕ್ಕಿತ್ತು ಎಂದು ತಿಳಿಯಬೇಕು. ನಡುನಡುವೆ ಕಪ್ಪು ತುಂಡುಗಳಿರುತ್ತವೆ. ಅವುಗಳಲ್ಲಿ ಎರಡು ಜಾತಿ, ಮತ್ತು ಇವೆರಡನ್ನು ಬೇರ್ಪಡಿಸುವುದೇ ಇಲ್ಲಿಯ ಮುಖ್ಯ ಕೆಲಸ. ಚೂಪು ಮೂಲೆಗಳಿದ್ದು ಒಳಗೆ ಪಟ್ಟೆ ಕಂಡರೆ, ಅದು ಪಾಕ ಏರುವಾಗ ಗೋಡೆಯಿಂದ ಕಿತ್ತುಕೊಂಡ ಹಳೆಯ ಕಲ್ಲಿನ ತುಂಡು. ದುಂಡಗೆ, ಅಂಚು ಅಲೆಅಲೆಯಾಗಿದ್ದರೆ, ಅದು ಗ್ರಾನೈಟ್ ಇನ್ನೂ ಗಂಜಿಯಂತಿದ್ದಾಗಲೇ ಕೆಳಗಿನಿಂದ ನುಗ್ಗಿದ ಇನ್ನೊಂದು ಬಿಸಿ ಪಾಕದ ಉಂಡೆ. ಈ ಎರಡನೆಯ ಜಾತಿಯ ಉಂಡೆಯೊಳಗೆ ಕೆಲವೊಮ್ಮೆ ಒಂದೇ ಒಂದು ಗುಲಾಬಿ ಹರಳು ದಾರಿತಪ್ಪಿದ ಹಾಗೆ ಕೂತಿರುತ್ತದೆ. ಅದು ಅಲ್ಲಿ ಹುಟ್ಟಿದ್ದಲ್ಲ. ಎರಡೂ ದ್ರವವಾಗಿದ್ದಾಗ ಗ್ರಾನೈಟಿನ ಕಡೆಯಿಂದ ಗಡಿ ದಾಟಿ ಬಂದದ್ದು. ಮ್ಯಾಂಟಲಿನ ಪಾಕವೂ ಕರಗಿದ ಭೂತೊಗಟೆಯ ಪಾಕವೂ ಒಂದೇ ಕೋಣೆಯಲ್ಲಿ ಸೇರಿದ್ದವು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಇಷ್ಟು ಸುಲಭವಾಗಿ ಇನ್ನೆಲ್ಲಿ ಸಿಕ್ಕೀತು!

ಚಿಕ್ಕಬಳ್ಳಾಪುರದ ಕಡೆಯಿಂದ ಬರುವವರು 1478 ಮೀ. ಎತ್ತರದ ನಂದಿಬೆಟ್ಟದ ಬುಡದಲ್ಲಿಯೂ ಗ್ರಾನೈಟನ್ನು ನೋಡಬಹುದು. ತುದಿಗೆ ಹೋಗಿ ಮಂಜು ನೋಡುವುದು ಬೇರೆ ವಿಚಾರ.

ಕೋಲಾರದ ಸುತ್ತ ಮುಖ್ಯವಾಗಿ ಸಿಗುವುದು ನೈಸ್, ಅಂದರೆ ಬಿಳಿ ಕಪ್ಪು ಪಟ್ಟೆಗಳ ಕಲ್ಲು. ಗ್ರಾನೈಟ್ ಜಾತಿಯ ಕಲ್ಲೇ ಆಳದ ಬಿಸಿಯಲ್ಲಿ, ಒತ್ತಡದಲ್ಲಿ ಮೆತ್ತಗಾಗಿ, ಹೋಳಿಗೆಯ ಕಣಕದಂತೆ ನಾದಿಸಿಕೊಂಡದ್ದು ಇದು. ನೀರು ಸುರಿದು ಪಟ್ಟೆಗಳು ಯಾವ ದಿಕ್ಕಿಗೆ ಓಡುತ್ತವೆ ಎಂಬುದನ್ನು ದಿಕ್ಸೂಚಿಯಿಂದ ಅಳೆದು ಬರೆಯಿರಿ. ಪಟ್ಟೆಗಳನ್ನು ಅಡ್ಡಹಾಯ್ದು ಹೋಗುವ ಬಿಳಿ ಎಳೆಗಳಿದ್ದರೆ ಅವನ್ನೂ ಬರೆಯಿರಿ. ಕಾಲಗಣನೆಗೆ ಹೊಲದಲ್ಲಿ ಬೇಕಾದ ಸೂತ್ರ ಒಂದೇ: ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು. ಒಂದೇ ಹಾಸುಬಂಡೆಯಲ್ಲಿ ಪಟ್ಟೆ ಮಡಿಚಿಕೊಂಡು, ಮಡಿಕೆಯನ್ನು ಒಂದು ಎಳೆ ಕತ್ತರಿಸಿ, ಆ ಎಳೆಯನ್ನು ಇನ್ನೊಂದು ಎಳೆ ಕತ್ತರಿಸಿದ್ದನ್ನು ನೋಡಿದ್ದೇನೆ. ಕರಗುವುದು, ಮಡಿಚುವುದು, ಮತ್ತೆ ಪಾಕ ನುಗ್ಗುವುದು, ಪರ್ವತ ಕಟ್ಟುವ ಕೆಲಸ ಹೀಗೆ ಕಂತುಗಳಲ್ಲಿ ನಡೆಯುತ್ತದೆ.

ಬೆಸುಗೆಯ ಗೆರೆ

ಬಂಗಾರಪೇಟೆ ದಾಟಿ ಕೆ.ಜಿ.ಎಫ್ ಕಡೆಗೆ ಹೋದಂತೆ ತಿಳಿಬಣ್ಣದ ನೈಸ್ ಮುಗಿದು ಕಲ್ಲು ಕಪ್ಪಗಾಗುತ್ತದೆ. ಇದು ಕೋಲಾರ ಶಿಸ್ಟ್ ಪಟ್ಟಿ; ಶಿಸ್ಟ್ ಎಂದರೆ ಪದರಗುಂಟ ಸೀಳುವ ರೂಪಾಂತರ ಕಲ್ಲು. ಉದ್ದ ಸುಮಾರು 80 ಕಿ.ಮೀ. ಇದ್ದರೂ ಅಗಲ ಕೆಲವೇ ಕಿಲೋಮೀಟರ್. ಸೈಕಲ್ಲಿನಲ್ಲಿ ಅರ್ಧ ದಿನದೊಳಗೆ ದಾಟಿಬಿಡಬಹುದು. ಇದರಲ್ಲಿ ಹೆಚ್ಚಿನದು ಆಂಫಿಬೊಲೈಟ್. ಸಮುದ್ರದಡಿಯಲ್ಲಿ ಹರಿದ ಲಾವಾ ಆಳಕ್ಕೆ ಹೂತುಹೋಗಿ ಸುಮಾರು 500 ಡಿಗ್ರಿಗೂ ಮೀರಿದ ಬಿಸಿಯಲ್ಲಿ ರೂಪಾಂತರಗೊಂಡರೆ ಈ ಕಲ್ಲಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಹಾರ್ನ್‌ಬ್ಲೆಂಡಿನ ಸೂಜಿಗಳು ಬಾಚಿದ ಕೂದಲಿನಂತೆ ಒಂದೇ ಕಡೆಗೆ ಮಲಗಿರುತ್ತವೆ. ಪದರಗಳು ನೆಲಕ್ಕೆ ಮಲಗಿಲ್ಲ, ಬಹುಮಟ್ಟಿಗೆ ಲಂಬವಾಗಿ ನಿಂತಿವೆ, ಮತ್ತು ಉತ್ತರ–ದಕ್ಷಿಣವಾಗಿ ಓಡುತ್ತವೆ. ಅಡ್ಡಲಾಗಿ ಹರಡಿಕೊಂಡಿದ್ದ ಲಾವಾ ಹೀಗೆ ಎದ್ದು ನಿಲ್ಲಬೇಕಾದರೆ ಪೂರ್ವದಿಂದಲೂ ಪಶ್ಚಿಮದಿಂದಲೂ ಹಿಸುಕಿದ ಬಲ ಎಷ್ಟಿರಬೇಕು!

ಪಟ್ಟಿಯ ಪಶ್ಚಿಮ ಭಾಗದಲ್ಲಿ ಕಂದು ಕಪ್ಪು ಗೆರೆಗಳ, ಎತ್ತಿದರೆ ಕೈ ಜಗ್ಗುವ ಕಲ್ಲು ಸಿಕ್ಕರೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಪಟ್ಟೆ ಕಬ್ಬಿಣಶಿಲೆ, ಸಮುದ್ರದ ನೀರಿನಿಂದ ಕಬ್ಬಿಣವೂ ಸಿಲಿಕಾವೂ ಪದರಪದರವಾಗಿ ತಳಕ್ಕಿಳಿದು ಆದದ್ದು. ಅದರ ಬಳಿ ದಿಕ್ಸೂಚಿ ಸುಳ್ಳು ಹೇಳುತ್ತದೆ, ಆದ್ದರಿಂದ ದಿಕ್ಕನ್ನು ಸೂರ್ಯನನ್ನೋ ನಕ್ಷೆಯನ್ನೋ ನೋಡಿ ಬರೆಯಿರಿ. ಪೂರ್ವದ ಅಂಚಿನಲ್ಲಿ ಕಥೆ ಬದಲಾಗುತ್ತದೆ. ಅಲ್ಲಿ ‘ಚಾಂಪಿಯನ್ ನೈಸ್’ ಎಂದು ಹೆಸರಾದ ತಿಳಿಬಣ್ಣದ ಕಲ್ಲಿದೆ. ಜಿಲ್ಲೆಯ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿಸಿದ ಚೂರುಗಳಿಂದಾದ ಬಂಡೆಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸುಮ್ಮನೆ ಹರಿಯುವ ತೆಳು ಬಸಾಲ್ಟ್ ಪಾಕಕ್ಕಿಂತ, ಸಿಲಿಕಾ ಹೆಚ್ಚಿದ್ದು ನೀರಾವಿ ತುಂಬಿದ ಮಂದ ಪಾಕವೇ ಹೀಗೆ ಸಿಡಿಯುವುದು. ಖಂಡದ ಅಂಚಿನ ಜ್ವಾಲಾಮುಖಿಗಳ ಸ್ವಭಾವವೂ ಅದೇ.

ಕೋಲಾರವೆಂದರೆ ಚಿನ್ನದ ಮಾತು ಬಂದೇ ಬರುತ್ತದೆ. ಅದನ್ನು ಚುಟುಕಾಗಿ ಮುಗಿಸುತ್ತೇನೆ. ಈ ಹಿಸುಕಾಟದಲ್ಲಿ ಸೀಳಿದ ಬಿರುಕುಗಳಲ್ಲಿ ಬಿಸಿನೀರು ಹರಿದು, ಬೆಣಚುಕಲ್ಲನ್ನೂ ಅದರೊಂದಿಗೆ ಚಿನ್ನವನ್ನೂ ಬಿಟ್ಟುಹೋಯಿತು. ಪಶ್ಚಿಮಕ್ಕೆ ಓರೆಯಾಗಿ ಕಡಿದಾಗಿ ಇಳಿಯುವ ಚಾಂಪಿಯನ್ ರೀಫ್ ಅಂಥ ಒಂದು ಹಾಳೆ. ಅದನ್ನು ಹಿಂಬಾಲಿಸಿ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಹೋಯಿತು, 2001ರಲ್ಲಿ ನಿಂತಿತು. ನಮಗೆ ಇಲ್ಲಿ ಬೇಕಾದದ್ದು ರೀಫಿನ ದಿಕ್ಕು ಮಾತ್ರ: ಅದೂ ಪದರಗಳ ಜೊತೆಗೇ ಉತ್ತರ–ದಕ್ಷಿಣ.

ಇನ್ನು ಬೆಸುಗೆ ಎಂದು ಕರೆಯಲು ಕಾರಣ. ಕಪ್ಪು ಪಟ್ಟಿಯ ಎರಡೂ ಕಡೆ ನೈಸ್ ಇದೆ, ಕಣ್ಣಿಗೆ ಎರಡೂ ಒಂದೇ ಎನಿಸುತ್ತವೆ. ಕ್ರೋಗ್‌ಸ್ಟಾಡ್, ಹ್ಯಾನ್ಸನ್, ರಾಜಾಮಣಿ ಎಂಬ ಭೂವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಈ ಕಲ್ಲುಗಳ ಜಿರ್ಕಾನ್ ಹರಳುಗಳನ್ನೂ ಸೀಸದ ಐಸೊಟೋಪುಗಳನ್ನೂ ಅಳೆದು, 1989ರಿಂದ ಪ್ರಕಟಿಸಿದ ಲೇಖನಗಳಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ–238 ಅರ್ಧದಷ್ಟು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಹರಳಿನೊಳಗೆ ಕೂಡಿದ ಸೀಸವೇ ಅದರ ವಯಸ್ಸಿನ ಲೆಕ್ಕ. ಪಶ್ಚಿಮದ ನೈಸ್‌ಗಳು ಸುಮಾರು 263 ಮತ್ತು 261 ಕೋಟಿ ವರ್ಷ ಹಳೆಯವು, ಮತ್ತು ಅವುಗಳಲ್ಲಿ 320 ಕೋಟಿ ವರ್ಷಕ್ಕೂ ಹಿಂದಿನ ಭೂತೊಗಟೆಯ ಅಂಶ ಉಳಿದಿದೆ. ಪೂರ್ವದ ನೈಸ್ ಸುಮಾರು 253 ಕೋಟಿ ವರ್ಷದ್ದು, ಅದರಲ್ಲಿ ಅಂಥ ಹಳೆಯ ಅಂಶದ ಸುಳಿವಿಲ್ಲ. ಕೆಲವೇ ಕಿಲೋಮೀಟರ್ ಅಂತರದಲ್ಲಿರುವ ಎರಡು ನೆಲಗಳಿಗೆ ಬೇರೆ ಬೇರೆ ಜಾತಕವಿದೆ ಎಂದಾದರೆ, ಅವು ಬೇರೆ ಬೇರೆ ಕಡೆ ಬೆಳೆದು ಆಮೇಲೆ ಈ ಗೆರೆಯಲ್ಲಿ ಕೂಡಿಕೊಂಡವು ಎನ್ನುವುದೇ ಸರಳ ವಿವರಣೆ. ಬರಿಯ ಬಿಸಿ ಕಂಬದ ವಾದ ಈ ಒಂದು ಕಡೆ ತೊಡರುತ್ತದೆ ಎಂದು ನನಗೆ ತೋರುತ್ತದೆ. ಆದರೆ ಇದು ಹೊಲದಲ್ಲಿ ಕಣ್ಣಿಗೆ ಕಾಣುವ ಸಂಗತಿಯಲ್ಲ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ನೀವು ಕಂಡದ್ದನ್ನು ಎಡಪುಟದಲ್ಲಿಯೂ, ಓದಿ ತಿಳಿದದ್ದನ್ನು ಬಲಪುಟದಲ್ಲಿಯೂ ಬರೆಯುವ ಅಭ್ಯಾಸವಿರಲಿ.

ಕರಿಕಲ್ಲಿನ ಗೊಂದಲ

ಹೊಸಬರು ಎಡವುವುದು ಇಲ್ಲಿಯೇ. ಶಿಸ್ಟ್ ಪಟ್ಟಿಯಿಂದ ಬಹುದೂರ, ನೈಸ್ ಹೊಲಗಳ ನಡುವೆ, ಕಪ್ಪು ಗುಂಡುಗಳ ಸಾಲೊಂದು ಹೊಲದಿಂದ ಹೊಲಕ್ಕೆ ಹಾಯ್ದು ಹೋಗುವುದನ್ನು ನೋಡಿ ನಾನು ‘ಆಂಫಿಬೊಲೈಟ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಆ ಹೊಲದ ಯಜಮಾನರು ‘ಇದು ಕರಿಕಲ್ಲು, ಸ್ವಾಮಿ. ಸೀಳಿದರೆ ಚಪ್ಪಡಿ ಆಗಲ್ಲ, ಚೂರಾಗುತ್ತದೆ’ ಎಂದರು. ಅವರ ಮಾತೇ ಸರಿ. ಆಂಫಿಬೊಲೈಟ್ ಪದರಗುಂಟ ಸೀಳುತ್ತದೆ, ಅದರ ಸೂಜಿಗಳು ಸಾಲಾಗಿರುತ್ತವೆ. ಈ ಕರಿಕಲ್ಲಿಗೆ ಸೀಳುವ ದಿಕ್ಕೆಂಬುದೇ ಇಲ್ಲ, ಹರಳುಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ, ಹೊರಮೈ ಈರುಳ್ಳಿಯ ಸಿಪ್ಪೆಯಂತೆ ಸುಲಿದು ಗುಂಡಾಗುತ್ತದೆ. ಇದು ಡೈಕ್, ಅಂದರೆ ಬಿರುಕಿನಲ್ಲಿ ಗೋಡೆಯಂತೆ ನಿಂತು ಆರಿದ ಪಾಕ. ನೈಸ್‌ಗೆ ತಾಗುವ ಅಂಚಿನಲ್ಲಿ ಬೇಗ ತಣ್ಣಗಾದದ್ದರಿಂದ ಅಲ್ಲಿ ಹರಳುಗಳು ತೀರ ಸಣ್ಣ, ನಡುವೆ ದೊಡ್ಡವು. ಅಂಚಿನಿಂದ ನಡುವಿನವರೆಗೆ ಭೂತಗನ್ನಡಿ ಹಿಡಿದು ನಡೆದರೆ ವ್ಯತ್ಯಾಸ ಗೊತ್ತಾಗುತ್ತದೆ.

ಬೆಂಗಳೂರು, ಕೋಲಾರ ಭಾಗದ ದೊಡ್ಡ ಡೈಕುಗಳಲ್ಲಿ ಹಲವು ಪೂರ್ವ–ಪಶ್ಚಿಮವಾಗಿ ಓಡುತ್ತವೆ ಮತ್ತು ಸುಮಾರು 237 ಕೋಟಿ ವರ್ಷ ಹಳೆಯವು. ಅವು ಉತ್ತರ–ದಕ್ಷಿಣದ ಪಟ್ಟೆಗಳನ್ನು ಅಡ್ಡಹಾಯುತ್ತವೆ, ಆದರೆ ತಾವು ಮಡಿಚಿಕೊಂಡಿಲ್ಲ, ನಾದಿಸಿಕೊಂಡಿಲ್ಲ. ಅಂದರೆ ಅವು ನುಗ್ಗುವ ಹೊತ್ತಿಗೆ ಇಲ್ಲಿಯ ಹಿಸುಕಾಟವೆಲ್ಲ ಮುಗಿದು ನೆಲ ತಣ್ಣಗೆ ಗಟ್ಟಿಯಾಗಿತ್ತು. ಹೀಗಾಗಿ ನಿಮ್ಮ ನಕ್ಷೆಯಲ್ಲಿ ಮೊದಲು ನೈಸ್, ಆಮೇಲೆ ಕಪ್ಪು ಪಟ್ಟಿ, ಆಮೇಲೆ ಗ್ರಾನೈಟ್ ಮತ್ತು ಬಿಳಿ ಎಳೆಗಳನ್ನು ತುಂಬಿ, ಡೈಕನ್ನು ಎಲ್ಲಕ್ಕೂ ಕೊನೆಯಲ್ಲಿ, ಎಲ್ಲದರ ಮೇಲೆ ಹಾಯುವಂತೆ, ಅಡಿಕೋಲಿಟ್ಟು ಒಂದೇ ಗೆರೆಯಾಗಿ ಎಳೆಯಿರಿ. ಎಳೆಯುವ ಮುನ್ನ ಎರಡು ಹೊಲ ಆಚೆಗೂ ಹೋಗಿ ಗುಂಡುಗಳ ಸಾಲು ಮುಂದುವರಿದಿದೆಯೇ ಎಂದು ನೋಡಿ; ಉಳುವಾಗ ಅಡ್ಡ ಬಂದ ಕಲ್ಲುಗಳನ್ನು ಬದುವಿಗೆ ಹೊರಳಿಸುವುದು ರೂಢಿಯಾದ್ದರಿಂದ, ಬದುವಿನ ಗುಂಟ ಇರುವ ಸಾಲು ಡೈಕ್ ಆಗಿರಲೇಬೇಕೆಂದಿಲ್ಲ.